ಮುಂದಾಳು ಅಂದರ ಮುಂದ ನಿಂತ ಆಳು!

ತೇರದಾಳ: ಜಾತ್ರೆ ಬಂತೆಂದರೆ ಈ ಊರಲ್ಲಿ ದುಡಿಯುವ ಕೈಗಳಿಗೆ ಬರವಿಲ್ಲ. ಪ್ರಭುದೇವರ ಗುಡಿಯ ಮುಂದೆ ಪೆಂಡಾಲ ಹಾಕುವವರು ಯಾರು? ಊರ ಹುಡುಗರು. ದಾಸೋಹದ ಹಂಡೆ ಹೊರುವವರು, ಮಂದಿಯ ಸಾಲು ನಿಲ್ಲಿಸುವವರು, ನಟ್ಟ ನಡುರಾತ್ರಿ ಕೆಟ್ಟು ನಿಂತ ದೀಪ ಸರಿಪಡಿಸುವವರು ಯಾರು? ಅವರೇ. ಪಗಾರ ಇಲ್ಲ, ಭತ್ತೆ ಇಲ್ಲ. ಒಂದು ಕಪ್ಪು ಚಹಾ, ಹಿರಿಯರಿಂದ 'ಭೇಷ್ ತಮ್ಮಾ' ಎಂಬ ಒಂದು ಮಾತು. ಅಷ್ಟಕ್ಕೇ ಮೂರು ದಿನ ನಿದ್ದೆಗೆಟ್ಟು ದುಡಿಯುತ್ತಾರೆ.

ಜಾತ್ರೆ ಮುಗಿಯಿತು. ಪೆಂಡಾಲ ಬಿಚ್ಚಿದರು. ಮರುವಾರ ಅದೇ ಓಣಿಯಲ್ಲಿ ಗಟಾರ ಕಟ್ಟಿತು. ಈಗ ಕೇಳಿರಿ, 'ಯಾರ ಹೇಳವ್ರು, ಯಾರ ಕೇಳವ್ರು?' ಎಂಬ ಮಾತು. ನೂರು ಕೈಗಳಿದ್ದ ಊರಿನಲ್ಲಿ ಒಂದು ಅರ್ಜಿ ಬರೆಯುವ ಕೈ ಸಿಗುವುದಿಲ್ಲ. ನಾಲ್ಕು ಮಂದಿಯನ್ನು ಕೂಡಿಸಿ 'ಬರ್ರಿ, ಪುರಸಭೆಗೆ ಹೋಗೋಣು' ಎನ್ನುವ ಬಾಯಿ ಏಳುವುದಿಲ್ಲ.

ಹಾಗಾದರೆ ನಮ್ಮ ಸೀಮೆಯಲ್ಲಿ ದುಡಿಯುವವರ ಕೊರತೆಯೇ? ಅಲ್ಲವೇ ಅಲ್ಲ. ದುಡಿಯುವವರನ್ನು ಮುಂದಾಳುಗಳನ್ನಾಗಿ ಮಾಡುವ ಪಾಠಶಾಲೆಯ ಕೊರತೆ. ಇದೇ ಇವತ್ತಿನ ವಿಚಾರ.

ಹೊಸ ಊರಲ್ಲ ಇದು

ತೇರದಾಳ ನಿನ್ನೆ ಮೊನ್ನೆ ಹುಟ್ಟಿದ ಊರಲ್ಲ. ಮಾಂಡಳಿಕ ಗೊಂಕನು ಇಲ್ಲಿ ನೇಮಿನಾಥ ಬಸದಿ ಕಟ್ಟಿಸಿದ್ದು 1123ರ ಸುಮಾರಿಗೆ, ಶಾಸನವೇ ಸಾಕ್ಷಿ. ಒಂಬೈನೂರು ವರ್ಷಗಳ ಹಿಂದೆಯೇ ಗುಡಿ, ಬಸದಿ, ಸಂತೆ, ದಾನ ದತ್ತಿ ಎಲ್ಲವನ್ನೂ ಕೂಡಿ ನಡೆಸಿದ ಊರು. ಮುಂದೆ ಸಾಂಗಲಿ ಸಂಸ್ಥಾನದ ಆಡಳಿತ ಕಂಡಿತು. ಸಂಸ್ಥಾನಗಳು ವಿಲೀನವಾದ ಮೇಲೆ ವಿಜಾಪುರ ಜಿಲ್ಲೆ, 1997ರಿಂದ ಬಾಗಲಕೋಟೆ ಜಿಲ್ಲೆ. 2008ರ ಚುನಾವಣೆಯಿಂದ ಊರ ಹೆಸರಿನಲ್ಲೇ ಒಂದು ವಿಧಾನಸಭಾ ಕ್ಷೇತ್ರ.

ಕಬ್ಬು, ಅರಿಷಿಣ ಬೆಳೆಯುವ ಮಣ್ಣು. ಪಕ್ಕದ ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದು. ಬಡಗ ಮಗ್ಗುಲಲ್ಲಿ ಕೃಷ್ಣೆ. ಇಂಥ ಊರಲ್ಲಿ ಒಬ್ಬರಿಂದ ಆಗುವ ಕೆಲಸ ಒಂದೂ ಇಲ್ಲ. ಕಬ್ಬು ಕಡಿಯಬೇಕಾದರೆ ಗ್ಯಾಂಗು ಬೇಕು. ಹೊಳೆಯ ನೀರು ಹೊಲಕ್ಕೆ ತರಬೇಕಾದರೆ ನಾಲ್ಕು ಮಂದಿ ಪಾಲುದಾರರು ಬೇಕು. ನೇಕಾರನ ನೂಲಿಗೂ ಮಾರಾಟಕ್ಕೂ ಸಂಘ ಬೇಕು. ಕೂಡಿ ದುಡಿಯುವುದು ನಮ್ಮ ಮಂದಿಗೆ ಯಾರೂ ಕಲಿಸಬೇಕಿಲ್ಲ. ಬಿತ್ತಿಗೆಗೆ ಮುಯ್ಯಾಳು ಹೋಗಿ ಬಂದ ಮಂದಿ ಇದು.

ಆದರೆ ಕೂಡಿ ದುಡಿಯುವುದು ಬೇರೆ, ಕೂಡಿಸಿ ದುಡಿಸುವುದು ಬೇರೆ. ಎರಡನೆಯದು ಕಲಿತರೆ ಮಾತ್ರ ಬರುವ ವಿದ್ಯೆ.

ಚಿಕ್ಕಪಡಸಲಗಿಯ ಪಾಠ

ಈ ವಿದ್ಯೆಯ ಅತಿ ದೊಡ್ಡ ಶಾಲೆ ನಮ್ಮ ಸೀಮೆಯಲ್ಲೇ ಇದೆ. ಅದಕ್ಕೆ ಗೋಡೆಗಳಿಲ್ಲ, ಗೇಟುಗಳಿವೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಹತ್ತಿರ, ಕೃಷ್ಣಾ ಹೊಳೆಗೆ ಅಡ್ಡಲಾಗಿ ರೈತರೇ ಕಟ್ಟಿದ ಬ್ಯಾರೇಜು. ಹೆಸರು ಶ್ರಮಬಿಂದು ಸಾಗರ. ಬೆವರ ಹನಿಯ ಸಾಗರ!

ಆಗಿನ ಸ್ಥಿತಿ ನೆನೆಯಿರಿ. ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಕೃಷ್ಣೆ ಬೇಸಿಗೆಯಲ್ಲಿ ಬತ್ತಿ ಹೋಗುತ್ತಿದ್ದಳು. ಹೊಳೆ ದಂಡೆಯ ಹೊಲದಲ್ಲೇ ಬೆಳೆ ಒಣಗುತ್ತಿತ್ತು. ಪಂಪು ಇದೆ, ಪೈಪು ಇದೆ, ನೀರಿಲ್ಲ. ಸರಕಾರ ಕಟ್ಟೀತು ಎಂದು ದಾರಿ ಕಾದದ್ದಾಯಿತು. ಕೊನೆಗೆ ರೈತರು 'ನಾವs ಕಟ್ಟೋಣು' ಎಂದು ಟೊಂಕ ಕಟ್ಟಿ ನಿಂತರು. ಕೃಷ್ಣಾ ತೀರ ರೈತ ಸಂಘ ಹುಟ್ಟಿತು. ಮುಂದಾಳಾಗಿ ನಿಂತವರು ಜಮಖಂಡಿಯ ಸಿದ್ದು ನ್ಯಾಮಗೌಡ.

ರೈತರು ವಂತಿಗೆ ಹಾಕಿದರು. ಹಣ ಇದ್ದವರು ಹಣ ಕೊಟ್ಟರು, ಇಲ್ಲದವರು ಮೈ ಬಗ್ಗಿಸಿದರು. 1989ರಲ್ಲಿ ಬ್ಯಾರೇಜು ಎದ್ದು ನಿಂತಿತು. ದೇಶದಲ್ಲೇ ರೈತರು ತಾವಾಗಿ ಕಟ್ಟಿದ ಮೊದಲ ಬ್ಯಾರೇಜು ಎಂದು ಹೆಸರಾಯಿತು. ಮಂದಿ ನ್ಯಾಮಗೌಡರನ್ನು 'ಬ್ಯಾರೇಜ ಸಿದ್ದು' ಎಂದೇ ಕರೆದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಿಂದ ನಿಂತ ಅವರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದಾಗ ದಿಲ್ಲಿಯವರೂ ಕಣ್ಣು ಬಿಟ್ಟು ನೋಡಿದರು. ಪಿ.ವಿ. ನರಸಿಂಹರಾಯರ ಸರಕಾರದಲ್ಲಿ ಕಲ್ಲಿದ್ದಲು ಖಾತೆಯ ಕಿರಿಯ ಮಂತ್ರಿಯೂ ಆದರು. ಮುಂದೆ ಜಮಖಂಡಿಯ ಶಾಸಕರಾದರು. 2018ರ ಮೇ 28ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಇಷ್ಟು ಕಥೆ ಎಲ್ಲರಿಗೂ ಗೊತ್ತು. ಗೊತ್ತಿರದ, ಅಥವಾ ಗೊತ್ತಿದ್ದೂ ಮರೆತ ಮಾತು ಇನ್ನೊಂದಿದೆ.

ಕಟ್ಟುವುದು ಒಮ್ಮೆ, ಕಾಯುವುದು ವರ್ಷವರ್ಷ

ಬ್ಯಾರೇಜು ಎಂದರೆ ಒಮ್ಮೆ ಕಟ್ಟಿ ಕೈ ತೊಳೆದುಕೊಳ್ಳುವ ಗುಡಿಯಲ್ಲ. ಮಳೆ ನಿಂತ ಮೇಲೆ ಗೇಟು ಇಳಿಸಿ ನೀರು ಹಿಡಿಯಬೇಕು. ಬೇಗ ಇಳಿಸಿದರೆ ತಡವಾಗಿ ಬಂದ ನೆರೆ ಹಿಂದೆ ಒತ್ತೀತು; ತಡಮಾಡಿದರೆ ನೀರು ಹರಿದು ಹೋದೀತು. ಮತ್ತೆ ಮಳೆಗಾಲ ಬರುವ ಮುಂಚೆ ಗೇಟು ಎತ್ತಬೇಕು. ಸೋರಿಕೆ ನೋಡಬೇಕು, ತುಕ್ಕು ನೋಡಬೇಕು, ಖರ್ಚಿಗೆ ಹಣ ಕೂಡಿಸಬೇಕು. ಮೇಲಿನ ದಂಡೆಯವನಿಗೂ ಕೆಳಗಿನ ದಂಡೆಯವನಿಗೂ ಜಗಳ ಬಂದರೆ ಬಗೆಹರಿಸಬೇಕು.

ಮುಂದಿನ ವರ್ಷಗಳಲ್ಲಿ ಬೇಸಿಗೆಗೆ ನೀರು ಸಾಲದಾದಾಗ ಆಲಮಟ್ಟಿ ಹಿನ್ನೀರನ್ನು ಪಂಪುಗಳಿಂದ ಎತ್ತಿ ಇದೇ ಬ್ಯಾರೇಜಿಗೆ ತುಂಬಿಸುವ ಕೆಲಸಕ್ಕೂ ರೈತರು ಕೈ ಹಾಕಿದರು. ಅದಕ್ಕೂ ವಂತಿಗೆ, ಅದಕ್ಕೂ ಸಭೆ, ಅದಕ್ಕೂ ಲೆಕ್ಕ. ಮುಂದಾಳು ಹೋದರೂ ಕೆಲಸ ನಿಲ್ಲಬಾರದಲ್ಲ!

ಇಲ್ಲೇ ಇರುವುದು ಅಸಲು ಪಾಠ. ಎದೆ ತಟ್ಟಿ ನಿಂತ ಒಬ್ಬ ಗಂಡಸಿನಿಂದ ಕಟ್ಟಡ ಎದ್ದೀತು. ಅದು ಮೂರು ದಶಕ ದಾಟಿ ನಿಲ್ಲಬೇಕಾದರೆ ಗೇಟಿನ ದಿನ ಬರೆದಿಡುವವ ಬೇಕು, ವಂತಿಗೆ ಪಾವತಿ ಹರಿಯುವವ ಬೇಕು, ತಕರಾರಿನವನ ಮನೆಗೆ ಹೋಗಿ ಕಾಲು ಗಂಟೆ ಕೂತು ಸಮಾಧಾನ ಹೇಳುವವ ಬೇಕು. ಇವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಹಾರ ಬೀಳುವುದಿಲ್ಲ. ಆದರೆ ಇವರಿಲ್ಲದಿದ್ದರೆ ಯಾವ ಸಾಗರವೂ ಎರಡು ಬೇಸಿಗೆ ಬಾಳದು.

ಮುಂದಾಳು ಎಂಬ ಶಬ್ದವನ್ನೇ ಬಿಡಿಸಿ ನೋಡಿರಿ. ಮುಂದೆ ನಿಂತ ಆಳು! ಆಳುವವನಿಗಿಂತ ಮೊದಲು ಆಳು. 'ಆಳಾಗಿ ದುಡಿ, ಅರಸಾಗಿ ಉಣ್ಣು' ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಲೆಕ್ಕದ ಪುಸ್ತಕವೇ ಮೊದಲ ಗುರು

ನಮ್ಮ ನಾಡಿಗೆ ಇದು ಹೊಸದಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಹುಟ್ಟುಹಾಕಿದರು. 1904ರ ಕಾಯದೆ ಬಂದ ಮರುವರ್ಷವೇ ಒಂದು ಹಳ್ಳಿ ಎದ್ದು ನಿಂತಿತು. ಸಂಘದ ಬಂಡವಾಳ ಏನು? ದುಡ್ಡಿಗಿಂತ ಮೊದಲು ನಂಬಿಗೆ. ನಂಬಿಗೆ ಎಲ್ಲಿಂದ ಬಂತು? ಬರೆದಿಟ್ಟ ಲೆಕ್ಕದಿಂದ.

ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದ್ದು ಇನ್ನೊಂದು ಪಾಠ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ಸು ನಡೆಯಿತಲ್ಲ, ಅಲ್ಲಿ ಸ್ವಯಂಸೇವಕರ ಶಿಸ್ತು ಕಂಡು ಪರನಾಡಿನವರೂ ಮೆಚ್ಚಿದರು. ಹರ್ಡೀಕರರು ಹುಡುಗರಿಗೆ ಕಲಿಸಿದ್ದು ಭಾಷಣ ಅಲ್ಲ. ಸಾಲಾಗಿ ನಿಲ್ಲುವುದು, ಹೊತ್ತಿಗೆ ಸರಿಯಾಗಿ ಬರುವುದು, ಒಪ್ಪಿಕೊಂಡ ಕೆಲಸ ಮುಗಿಸುವುದು. ಸ್ವಯಂಸೇವಕನಿಗೂ ತಾಲೀಮು ಬೇಕು ಎಂದು ಅರಿತವರು ಅವರು. ಗರಡಿಮನೆಯಲ್ಲಿ ಉಸ್ತಾದ ಮೊದಲ ದಿನವೇ ಕುಸ್ತಿಗೆ ಬಿಡುತ್ತಾನೆಯೇ? ಮಣ್ಣು ಹದ ಮಾಡು ಎನ್ನುತ್ತಾನೆ. ಸಾಮು ತೆಗೆಯಿಸುತ್ತಾನೆ. ಆಮೇಲೆ ಪಟ್ಟು.

ನಮ್ಮ ಯುವಕ ಮಂಡಳಗಳಲ್ಲಿ ಆಗುತ್ತಿರುವುದು ಇದರ ತಿರುವುಮುರುವು. ಮೊದಲ ದಿನವೇ ಅಧ್ಯಕ್ಷ, ಉಪಾಧ್ಯಕ್ಷ, ಗೌರವಾಧ್ಯಕ್ಷ. ಎರಡನೆಯ ದಿನ ಬ್ಯಾನರು. ಮೂರನೆಯ ದಿನ ಫೋಟೋ. ನಾಲ್ಕನೆಯ ದಿನ ಮಂಡಳಕ್ಕೆ ಬೀಗ!

ಹಿರಿಯರೇ, ತುಸು ಸರಿದು ಕೂಡ್ರಿ

ತಪ್ಪು ಹುಡುಗರದಷ್ಟೇ ಅಲ್ಲ. ಊರ ದೈವ ಕೂಡಿದಾಗ ನಡೆಯುವುದನ್ನು ನೋಡಿರಿ. ಕಟ್ಟೆಯ ಮೇಲೆ ಹಿರಿಯರು. ಕೆಳಗೆ ನಿಂತವರು ಹುಡುಗರು. ಹುಡುಗನೊಬ್ಬ ಬಾಯಿ ತೆರೆದರೆ, 'ಏ ತಮ್ಮಾ, ಸುಮ್ಮ ನಿಂದ್ರೋ, ಹಿರ್ಯಾರು ಮಾತಾಡಾಕತ್ತಾರ' ಎಂದು ಗದರುತ್ತಾರೆ. ಕೆಲಸ ಹಂಚುವಾಗ ಮಾತ್ರ 'ಎಲ್ಲಿ ಹೋದ್ರು ಹುಡುಗೂರು?'

ನಿರ್ಣಯ ಮಾಡುವಾಗ ಬೇಡ, ಹೊರೆ ಹೊರುವಾಗ ಬೇಕು ಎಂದರೆ ಯಾವ ಹುಡುಗ ಎಷ್ಟು ದಿನ ನಿಂತಾನು? ಎರಡು ಜಾತ್ರೆ ನಿಲ್ಲುತ್ತಾನೆ. ಮೂರನೆಯ ಜಾತ್ರೆಗೆ ಪುಣೆಗೋ ಬೆಂಗಳೂರಿಗೋ ಬಸ್ಸು ಹತ್ತುತ್ತಾನೆ. ಊರಲ್ಲೇ ಉಳಿದವ ಯಾವುದೋ ಪಕ್ಷದ ಧುರೀಣರ ಮೋಟಾರಿನ ಹಿಂದೆ ಓಡುತ್ತಾನೆ. ಅಲ್ಲಿ ಜಯಕಾರ ಹಾಕುವುದನ್ನು ಕಲಿಯುತ್ತಾನೆಯೇ ಹೊರತು ಜವಾಬುದಾರಿ ಹೊರುವುದನ್ನಲ್ಲ.

ಹಿರಿಯ ಸ್ವಯಂಸೇವಕರೂ ಒಂದು ವಿದ್ಯೆ ಕಲಿಯಬೇಕಾಗಿದೆ. ಅದು ಬಲು ಕಠಿಣದ್ದು. ತಮಗೆ ಬರುವ ಕೆಲಸವನ್ನು ತಾವು ಮಾಡದೆ, ಇನ್ನೊಬ್ಬನಿಂದ ಮಾಡಿಸಿ, ಅವನು ಅರ್ಧಂಬರ್ಧ ಮಾಡಿದರೂ ನಾಲ್ಕು ಮಂದಿಯ ಮುಂದೆ ಬೈಯದೆ, ಮನೆಗೆ ಕರೆದು ತಿಳಿಹೇಳುವ ವಿದ್ಯೆ. ನೇಕಾರರ ಮನೆಯಲ್ಲಿ ಮಗ ಮಗ್ಗ ಕಲಿಯುವುದು ಹೀಗೆಯೇ. ನೂಲು ಹರಿಯುತ್ತದೆ. ಅಪ್ಪ ಗಂಟು ಹಾಕಿ ತೋರಿಸುತ್ತಾನೆ. ಮತ್ತೆ ಹರಿದರೆ ಮಗನೇ ಹಾಕುತ್ತಾನೆ. ಹರಿಯಿತೆಂದು ಮಗ್ಗದಿಂದ ಎಬ್ಬಿಸಿದರೆ ಆ ಮನೆಯಲ್ಲಿ ಮುಂದೆ ನೇಯುವವರು ಯಾರು?

ಅಕ್ಕಂದಿರ ಲೆಕ್ಕ ಪಕ್ಕಾ

ಒಂದು ಮಾತು ಬಿಟ್ಟರೆ ಈ ಲೇಖನ ಅರ್ಧವಾದೀತು. ಮುಂದಾಳು ಎಂದ ಕೂಡಲೇ ಎಲ್ಲರ ಕಣ್ಣೂ ಗಂಡಸರ ಕಡೆಗೇ ಹೊರಳುತ್ತವೆ. ಆದರೆ ಓಣಿ ಓಣಿಯಲ್ಲಿ ಪ್ರತಿ ವಾರ ತಪ್ಪದೆ ಸಭೆ ಕೂಡಿಸಿ, ಹಾಜರಿ ಹಿಡಿದು, ಹಣ ಎಣಿಸಿ, ಸಾಲ ಕೊಟ್ಟು, ಸಾಲ ವಸೂಲು ಮಾಡುತ್ತಿರುವವರು ಯಾರು? ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು. 2000ದ ಸುಮಾರಿಗೆ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದ ಎಷ್ಟೋ ತಾಯಂದಿರು ಸಹಿ ಕಲಿತರು, ಬ್ಯಾಂಕಿನ ಕಟಾಂಜನದ ಮುಂದೆ ನಿಂತು ಮಾತಾಡುವುದನ್ನು ಕಲಿತರು.

ಕಾಯದೆಯೂ ಬಾಗಿಲು ತೆರೆದಿದೆ. ಅಬ್ದುಲ್ ನಜೀರಸಾಬರು ಮಂತ್ರಿಯಾಗಿದ್ದ ಕಾಲದ 1983ರ ಕಾಯದೆಯ ಪ್ರಕಾರ 1987ರಲ್ಲಿ ಮಂಡಲ ಪಂಚಾಯತಿ ಚುನಾವಣೆ ನಡೆದಾಗ ಹೆಣ್ಣುಮಕ್ಕಳಿಗೆ ನಾಲ್ಕರಲ್ಲಿ ಒಂದು ಪಾಲು ಇತ್ತು. 1993ರ ಪಂಚಾಯತ್ ರಾಜ್ ಕಾಯದೆ ಅದನ್ನು ಮೂರರಲ್ಲಿ ಒಂದು ಮಾಡಿತು. 2010ರ ತಿದ್ದುಪಡಿಯಿಂದ ಅರ್ಧಕ್ಕರ್ಧ. ಕುರ್ಚಿ ಸಿಕ್ಕಿತು. ಆದರೆ ಕುರ್ಚಿಯ ಹಿಂದೆ ನಿಂತು 'ಇಲ್ಲಿ ಸಹಿ ಮಾಡು' ಎನ್ನುವ ಗಂಡಂದಿರು ಇನ್ನೂ ಸರಿದಿಲ್ಲವಲ್ಲ! ಸಂಘದಲ್ಲಿ ಪೈಸೆ ಪೈಸೆ ಲೆಕ್ಕ ಇಡುವ ಅಕ್ಕ, ಪಂಚಾಯತಿಯಲ್ಲಿ ಮಾತ್ರ ಯಾಕೆ ಬಾಯಿ ಕಟ್ಟಿ ಕೂಡ್ರಬೇಕು? ಜಾತ್ರಾ ಕಮಿಟಿಯ ಖಜಾಂಚಿ ಕೆಲಸವನ್ನು ಒಂದು ವರ್ಷ ಅವಳಿಗೇ ಕೊಟ್ಟು ನೋಡಲಿ. ವ್ಯತ್ಯಾಸ ಊರಿಗೆ ಊರೇ ಕಂಡೀತು.

ನೆರೆ ಹೇಳಿ ಬರುವುದಿಲ್ಲ

ಇದೆಲ್ಲ ಪುರುಸೊತ್ತಿನ ಮಾತು ಎಂದು ಯಾರಾದರೂ ಅಂದುಕೊಂಡರೆ 2019ರ ಆಗಸ್ಟ್ ತಿಂಗಳನ್ನು ನೆನೆಯಲಿ. ಇಲ್ಲಿ ಹನಿ ಮಳೆ ಇಲ್ಲದಿದ್ದರೂ ಕೊಯ್ನಾ ಸೀಮೆಯಲ್ಲಿ ಮಳೆ ಹಿಡಿದರೆ ಕೃಷ್ಣೆ ಉಕ್ಕುತ್ತಾಳೆ. ಆ ವರ್ಷ ಹೊಳೆ ದಂಡೆಯ ಹಳ್ಳಿಗಳ ಮಂದಿ ಮನೆ ಬಿಟ್ಟು ಹೊರಬಿದ್ದರು. ಮುಧೋಳದ ಕಡೆಗೆ ಘಟಪ್ರಭೆಯೂ ಉಕ್ಕಿದಳು. ಕಬ್ಬು ನೀರಲ್ಲಿ ನಿಂತು ಕೊಳೆಯಿತು. 2021ರ ಜುಲೈಯಲ್ಲಿ ಮತ್ತೆ ಅದೇ ಗೋಳು.

ಅಂಥ ರಾತ್ರಿಯಲ್ಲಿ ಸರಕಾರದ ದೋಣಿ ಬರುವ ಮುಂಚೆ ಬರುವವರು ಯಾರು? ನೆರೆಮನೆಯವರು, ಊರ ಹುಡುಗರು. ಆದರೆ ಧೈರ್ಯ ಒಂದೇ ಇದ್ದರೆ ಸಾಲದು. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾಳೆ? ಯಾವ ಮನೆಯಲ್ಲಿ ದಿನ ತುಂಬಿದ ಬಸುರಿ? ದನಕರುಗಳನ್ನು ಮೊದಲು ಎಲ್ಲಿಗೆ ಹೊಡೆಯಬೇಕು? ಶಾಲೆಯ ಬೀಗದ ಕೈ ಯಾರ ಹತ್ತಿರ? ಟ್ರಾಕ್ಟರು ಯಾರದು, ಡ್ರೈವರು ಯಾರು? ಇದನ್ನು ನೀರು ಬಂದ ಮೇಲೆ ಕೇಳುತ್ತ ಕೂತರೆ ಹೊತ್ತು ಮೀರಿತೆಂದೇ ತಿಳಿಯಿರಿ. ಬೇಸಿಗೆಯಲ್ಲೇ ಬರೆದಿಟ್ಟು, ಯಾರು ಯಾವ ಓಣಿಗೆ ಎಂದು ಹಂಚಿಟ್ಟ ಊರಿನಲ್ಲಿ ಗದ್ದಲ ಕಡಿಮೆ, ಜೀವ ಭದ್ರ.

ಮುಂದಾಳತ್ವದ ಪರೀಕ್ಷೆ ವೇದಿಕೆಯ ಮೇಲೆ ನಡೆಯುವುದಿಲ್ಲ, ಓದುಗರೇ. ಎದೆಮಟ್ಟ ನೀರಿನಲ್ಲಿ ನಡೆಯುತ್ತದೆ.

ಏನು ಮಾಡಬಹುದು?

ದೊಡ್ಡ ಯೋಜನೆ ಬೇಕಿಲ್ಲ. ಬೆಂಗಳೂರಿನಿಂದ ಆಜ್ಞೆ ಬರಬೇಕಿಲ್ಲ. ತೇರದಾಳದ ಓಣಿಗಳಲ್ಲಿ, ಸುತ್ತಲಿನ ಹಳಿಂಗಳಿ, ತಮದಡ್ಡಿ, ಹಿಪ್ಪರಗಿಯಂಥ ಊರುಗಳಲ್ಲಿ ನಾಳೆಯೇ ತೊಡಗಬಹುದಾದ ಕೆಲಸಗಳಿವು.

ಮೊದಲನೆಯದು, ಜೋಡಿ ಪದ್ಧತಿ. ಜಾತ್ರಾ ಕಮಿಟಿ ಇರಲಿ, ಗಣಪತಿ ಮಂಡಳಿ ಇರಲಿ, ಶಾಲೆಯ ಉಸ್ತುವಾರಿ ಸಮಿತಿ ಇರಲಿ, ಪ್ರತಿಯೊಂದು ಜವಾಬುದಾರಿಗೂ ಒಬ್ಬ ಹಿರಿಯ, ಒಬ್ಬ ಕಿರಿಯ. ಮೊದಲ ವರ್ಷ ಹಿರಿಯ ಮಾಡುತ್ತಾನೆ, ಕಿರಿಯ ನೋಡುತ್ತಾನೆ. ಎರಡನೆಯ ವರ್ಷ ಕಿರಿಯ ಮಾಡುತ್ತಾನೆ, ಹಿರಿಯ ನೋಡುತ್ತಾನೆ. ಮೂರನೆಯ ವರ್ಷ ಹಿರಿಯ ಮನೆಯಲ್ಲಿ ಆರಾಮ ಕೂಡ್ರುತ್ತಾನೆ. ಕಿರಿಯ ಹೊಸ ಜೋಡಿಯನ್ನು ಹುಡುಕುತ್ತಾನೆ.

ಎರಡನೆಯದು, ಲೆಕ್ಕ ಓದುವ ದಿನ. ಕೆಲಸ ಮುಗಿದ ಎಂಟು ದಿನದೊಳಗೆ ಅಗಸಿಯ ಮುಂದೆ ಜಮಾ-ಖರ್ಚು ಗಟ್ಟಿಯಾಗಿ ಓದಬೇಕು. ಓದುವವರು ಹುಡುಗ ಹುಡುಗಿಯರೇ ಇರಬೇಕು. ನಾಲ್ಕು ಮಂದಿ ಪ್ರಶ್ನೆ ಕೇಳಿದಾಗ ಸಿಟ್ಟಾಗದೆ ಉತ್ತರ ಕೊಡುವುದು ಯಾವ ಪುಸ್ತಕದಿಂದಲೂ ಬರುವುದಿಲ್ಲ. ಅಗಸಿಯ ಮುಂದೆ ನಿಂತರೆ ಬರುತ್ತದೆ.

ಮೂರನೆಯದು, ಸಭೆಯ ರೂಢಿ. ತಿಂಗಳಿಗೆ ಒಮ್ಮೆ, ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಹೊತ್ತು. ಮಂದಿ ಐದೇ ಬಂದರೂ ಸಭೆ ನಡೆಯಲಿ. ನಿರ್ಣಯ ಬರೆಯಲಿ: ಏನು ಕೆಲಸ, ಯಾರು ಮಾಡುವವರು, ಯಾವಾಗ ಮುಗಿಸುವವರು. ಮುಂದಿನ ಸಭೆಯಲ್ಲಿ ಮೊದಲು ಅದನ್ನೇ ಓದಲಿ. 'ಆತೇನಪಾ, ಆಗಿಲ್ಲೇನು?' ಎಂಬ ಒಂದು ಪ್ರಶ್ನೆಯ ಮುಂದೆ ಹತ್ತು ಭಾಷಣ ದಂಡ.

ನಾಲ್ಕನೆಯದು, ಮಕ್ಕಳಿಗೆ ಮಾತು. ಕುಂದಾಪುರ ಸೀಮೆಯಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತಿಗಳು ನಡೆದವು. ಅಲ್ಲಿ ಕೂಸುಗಳೇ ತಮ್ಮ ಊರಿನ ಕಾಲುಸಂಕ, ದಾರಿ, ಶಾಲೆಯ ಅಡಚಣಿ ಎತ್ತಿ ಹೇಳಿದವು. ಮುಂದೆ ರಾಜ್ಯದಲ್ಲೆಲ್ಲ ಗ್ರಾಮ ಪಂಚಾಯತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ನಿಯಮವಾಯಿತು. ಎಷ್ಟೋ ಕಡೆ ಅದು ಬಿಸ್ಕಿಟು ಹಂಚಿ, ಫೋಟೋ ತೆಗೆದು ಮುಗಿಸುವ ಶಾಸ್ತ್ರವಾಗಿದೆ. ಹಾಗಾಗದೆ, ಹೋದ ವರ್ಷ ಮಕ್ಕಳು ಕೇಳಿದ್ದೇನು, ಆದದ್ದೇನು ಎಂದು ಈ ವರ್ಷ ಮಕ್ಕಳ ಮುಂದೆಯೇ ಓದಲಿ. ಹತ್ತು ವರ್ಷದ ಹುಡುಗಿ ಕೇಳಿದ ನಳಕ್ಕೆ ನೀರು ಬಂದರೆ ಇಪ್ಪತ್ತನೆಯ ವಯಸ್ಸಿಗೆ ಅವಳು ಊರಿಗಾಗಿ ನಿಂತಾಳು.

ಐದನೆಯದು, ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ. 1969ರಲ್ಲಿ ಗಾಂಧಿ ಶತಾಬ್ದಿಯ ವರ್ಷ ತೊಡಗಿದ ಯೋಜನೆ ಇದು. ವರ್ಷಕ್ಕೆ ಏಳು ದಿನ ಹಳ್ಳಿಗೆ ಬಂದು, ರಸ್ತೆ ಗುಡಿಸಿ, ಗಿಡ ನೆಟ್ಟು ಹೋದರೆ ಗಿಡಕ್ಕೆ ನೀರು ಹಾಕುವವರು ಯಾರು? ಶಿಬಿರ ಬರುವ ಮುಂಚೆ ಊರ ಯುವಕ ಮಂಡಳದವರನ್ನು ಕೂಡಿಸಿಕೊಂಡು, ಹೋಗುವಾಗ ಆ ಗಿಡಗಳನ್ನು ಹೆಸರು ಹೆಸರಾಗಿ ಅವರಿಗೆ ಒಪ್ಪಿಸಿ ಹೋಗಲಿ.

ಜಾತಿ, ಪಕ್ಷ, ಓಣಿ

ಇದಕ್ಕೆಲ್ಲ ಅಡ್ಡ ಬರುವುದು ಏನೆಂದು ಎಲ್ಲರಿಗೂ ಗೊತ್ತು. ಮೇಲಿನ ಓಣಿ, ಕೆಳಗಿನ ಓಣಿ. ಅವರ ಪಕ್ಷ, ಇವರ ಪಕ್ಷ. ಅವ ಯಾವ ಮಂದಿಯವ, ಇವ ಯಾವ ಮಂದಿಯವ. ಕೇರಿಯ ಹುಡುಗ ಜಾತ್ರೆಯ ಕೆಲಸಕ್ಕೆ ಬೇಕು, ಕಮಿಟಿಯ ಪಟ್ಟಿಯಲ್ಲಿ ಅವನ ಹೆಸರು ಇರುವುದಿಲ್ಲ. ಇದು ಮುಚ್ಚಿಡುವ ಮಾತಲ್ಲ. ಅಲ್ಲಮಪ್ರಭುವಿನ ಹೆಸರಲ್ಲಿ ಜಾತ್ರೆ ಮಾಡುವ ಊರು ಇದನ್ನು ಮೊದಲು ತಿದ್ದಿಕೊಳ್ಳಬೇಕು.

ಹೊಳೆಯ ನೀರಿಗೆ ಜಾತಿ ಗೊತ್ತಿಲ್ಲ. ಬತ್ತಿದಾಗ ಎಲ್ಲರ ಹೊಲವನ್ನೂ ಒಣಗಿಸಿತು. ಉಕ್ಕಿದಾಗ ಎಲ್ಲರ ಮನೆಗೂ ನುಗ್ಗಿತು. ಒಂದು ಕಮಿಟಿಯಲ್ಲಿ ಎಲ್ಲ ಓಣಿಯ ಹುಡುಗರೂ ಹುಡುಗಿಯರೂ ಕೂತು ಒಂದು ವರ್ಷ ಲೆಕ್ಕ ಬರೆದರೆ, ಹತ್ತು ಶಾಂತಿ ಸಭೆಗಳು ಮಾಡದ ಕೆಲಸ ಆದೀತು.

ಈ ಸಲದ ಜಾತ್ರೆಗೆ ಹುಡುಗರು ಮತ್ತೆ ಪೆಂಡಾಲ ಹಾಕುತ್ತಾರೆ, ಹಂಡೆ ಹೊರುತ್ತಾರೆ. ಅದರಲ್ಲಿ ಸಂಶಯವಿಲ್ಲ. ಹಂಡೆಯ ಜೊತೆಗೆ ಅವರ ಕೈಗೆ ಲೆಕ್ಕದ ಪುಸ್ತಕವನ್ನೂ ಕೊಡುವರೇ? ಕಟ್ಟೆಯ ಮೇಲೆ ತುಸು ಸರಿದು ಜಾಗ ಬಿಡುವರೇ? ಊರ ಹಿರಿಯರು, ಕಮಿಟಿಯ ಪಂಚರು, ಪಂಚಾಯತಿ ಪುರಸಭೆಯ ಸದಸ್ಯರು ಮನಸ್ಸು ಮಾಡಬೇಕು. ಮುಂದಿನ ನೆರೆಗೆ ಮುಂಚೆ ಮಾಡಿದರೆ ಒಳಿತು.